ಯುದ್ಧವಿಮಾನದ ಪೈಲಟ್ ಆಗಬೇಕಿದ್ದ ಬ್ರೆಂಟ್ ಸ್ಕೋಕ್ರಾಫ್ಟ್ ಅಮೆರಿಕದ ಅಧ್ಯಕ್ಷರಿಗೆ ಸಲಹೆಗಾರರಾಗಿದ್ದು ಹೇಗೆ?

ಒಂದು ಅಪಘಾತ ಅವರ ದಾರಿಯನ್ನೇ ಬದಲಿಸಿತು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದಿ ವಾಯುಪಡೆ ಸೇರಿದ್ದರು. 1949ರ ಜನವರಿಯಲ್ಲಿ ತರಬೇತಿ ಹಾರಾಟದ ವೇಳೆ ವಿಮಾನ ಬಿದ್ದು ಬೆನ್ನುಮೂಳೆ ಮುರಿಯಿತು. ಸುಮಾರು ಎರಡು ವರ್ಷ ಆಸ್ಪತ್ರೆಯಲ್ಲೇ ಕಳೆದರು. ಆಮೇಲೆ ಓದಿನ ಕಡೆ ತಿರುಗಿದರು. ರಷ್ಯಾದ ಇತಿಹಾಸ ಪಾಠ ಮಾಡಿದರು, ಆಗಿನ ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಅಮೆರಿಕ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡಿದರು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಪಡೆದರು.

ಅಧ್ಯಕ್ಷ ನಿಕ್ಸನ್ ಕಾಲದಲ್ಲಿ ಶ್ವೇತಭವನಕ್ಕೆ ಬಂದು ಆಗಿನ ರಾಷ್ಟ್ರೀಯ ಭದ್ರತಾ ಸಲಹೆಗಾರ ಕಿಸಿಂಜರ್ ಕೈಕೆಳಗೆ ಪಳಗಿದರು. 1975ರಲ್ಲಿ ಅಧ್ಯಕ್ಷ ಫೋರ್ಡ್, ಸ್ಕೋಕ್ರಾಫ್ಟ್ ಅವರನ್ನು ರಾಷ್ಟ್ರೀಯ ಭದ್ರತಾ ಸಲಹೆಗಾರರನ್ನಾಗಿ ಮಾಡಿದರು. 1989ರಿಂದ 1993ರವರೆಗೆ ಹಿರಿಯ ಬುಷ್ ಬಳಿ ಮತ್ತೆ ಅದೇ ಹುದ್ದೆ. ಇಬ್ಬರು ಬೇರೆ ಬೇರೆ ಅಧ್ಯಕ್ಷರು ಪ್ರತ್ಯೇಕವಾಗಿ ಈ ಹುದ್ದೆಗೆ ನೇಮಿಸಿದವರು ಇನ್ನೊಬ್ಬರಿಲ್ಲ.

ಅವರ ಪ್ರಭಾವದ ಗುಟ್ಟು ನಂಬಿಕೆ ಅಂತ ನನಗನಿಸುತ್ತದೆ. ಬೇರೆ ಮಂತ್ರಿಗಳ ಅಭಿಪ್ರಾಯವನ್ನು ತಿರುಚದೆ ಅಧ್ಯಕ್ಷರ ಮುಂದಿಡುತ್ತಿದ್ದರು. ತಮ್ಮ ಮಾತನ್ನು ಹೆಚ್ಚಾಗಿ ಖಾಸಗಿಯಾಗಿ ಹೇಳುತ್ತಿದ್ದರು. ಆದರೆ ಬೇಕಾದಾಗ ಗಟ್ಟಿಯಾಗಿ ನಿಂತರು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ, ಇದನ್ನು ಒಪ್ಪಿಕೊಂಡು ಸುಮ್ಮನಿರಲು ಸಾಧ್ಯವಿಲ್ಲ ಎಂದು ಸಭೆಯಲ್ಲಿ ವಾದಿಸಿದ್ದು ಅವರೇ. ತಡರಾತ್ರಿವರೆಗೆ ದುಡಿದು ಸಭೆಗಳಲ್ಲಿ ತೂಕಡಿಸುತ್ತಿದ್ದರು. ಹಾಗಾಗಿ ಬುಷ್, ಸಭೆಯಲ್ಲಿ ನಿದ್ದೆ ಹೋದವರಿಗೆ ಪ್ರೀತಿಯಿಂದ 'ಸ್ಕೋಕ್ರಾಫ್ಟ್ ಪ್ರಶಸ್ತಿ' ಕೊಡುತ್ತಿದ್ದರು!

ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು 2002ರ ಘಟನೆಯಿಂದ. ಆಗ ಅಧ್ಯಕ್ಷರಾಗಿದ್ದವರು ಗೆಳೆಯ ಹಿರಿಯ ಬುಷ್ ಅವರ ಮಗ ಜಾರ್ಜ್ ಡಬ್ಲ್ಯು. ಬುಷ್. ಆದರೂ ಇರಾಕ್ ಮೇಲೆ ದಾಳಿ ಬೇಡ ಅಂತ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಅದಕ್ಕೆ ಧೈರ್ಯ ಬೇಕು ಅಲ್ವಾ? ಮುಂದಿನ ವರ್ಷ ಯುದ್ಧ ನಡೆದೇ ಹೋಯಿತು. ಸ್ಕೋಕ್ರಾಫ್ಟ್ 2020ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.