ಮಾಲೀಕರ ಪಕ್ಕ ಕೂರುವ ಮಗಳು

ಮೂಡಿಗೆರೆಯ ಹಿರಿಯ ಓದುಗರೊಬ್ಬರ ಪತ್ರ: ‘ಮೂವತ್ತು ವರ್ಷ ಕಾಫಿ ತೋಟದ ಲೈನ್ ಮನೆಯಲ್ಲಿದ್ದು ದುಡಿದವನು ನಾನು. ಮಗಳು ಹಾಸನದಲ್ಲಿ ಕಾನೂನು ಓದಿ ಮುಗಿಸಿದ್ದಾಳೆ. ಈಗ ಮಾಲೀಕರಿಗೆ ಸಲಹೆ ಕೊಡುವ ಕಾರ್ಮಿಕ ವಕೀಲರ ಕಚೇರಿ ಸೇರುತ್ತಾಳಂತೆ. ನಮ್ಮವರ ಹೊಟ್ಟೆಯ ಮೇಲೆ ಹೊಡೆಯಲು ಓದಿಸಿದೆನೇ?’

ಹಿರಿಯರೇ, ನಿಮ್ಮ ಸಂಕಟಕ್ಕೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ಕನ್ನಡ ಮಾತ್ರ ಬಲ್ಲವನ ಕೈಗೆ ಇಂಗ್ಲಿಷ್ ಆರೋಪಪಟ್ಟಿ ಕೊಟ್ಟು, ಮಾಲೀಕರ ಕಡೆಯವರನ್ನೇ ವಿಚಾರಣೆಗೆ ಕೂರಿಸಿ, ಮೊದಲೇ ಬರೆದಿಟ್ಟ ವರದಿಗೆ ಸಹಿ ಹಾಕಿಸುವ ವಕೀಲರೂ ಇದ್ದಾರೆ. ಅಂಥ ಕಚೇರಿಯಾದರೆ ಮಗಳನ್ನು ಖಂಡಿತ ಕಳುಹಿಸಬೇಡಿ.

ಆದರೆ ನಾನು ವರದಿಗಾರನಾಗಿದ್ದಾಗ ಸಕಲೇಶಪುರದ ಬಳಿಯ ತೋಟವೊಂದರ ಕಚೇರಿಯಲ್ಲಿ ಕಂಡದ್ದನ್ನು ಕೇಳಿ. ತೋಟದ ಹಾಜರಿ, ಲೆಕ್ಕ ಬರೆಯುವ ರೈಟರ್ ಮೇಲೆ ಕೈ ಎತ್ತಿದ ಕಾರ್ಮಿಕನನ್ನು ಅಂದೇ ಹೊರಗೆ ಹಾಕಬೇಕೆಂದು ಸಾಹುಕಾರರು ಕುದಿಯುತ್ತಿದ್ದರು. ಅವರೇ ಕರೆಸಿದ್ದ ವಕೀಲರು ಹಾಜರಿ ಪುಸ್ತಕ ತರಿಸಿ, ಹಾಳೆ ತಿರುವಿ, ಒಂದು ಕಡೆ ಬೆರಳಿಟ್ಟರು. ಕೊಯ್ಲಿನ ಎರಡು ಭಾನುವಾರ ಆತನ ಹೆಸರಿನ ಮುಂದೆ ಖಾಲಿ. ಆ ದಿನಗಳ ಹಣ್ಣಿನ ತೂಕದ ಚೀಟಿಗಳು ಆತನ ಜೇಬಿನಲ್ಲಿ ಬೆವರಿಗೆ ಮೆತ್ತಗಾಗಿದ್ದವು. ‘ಮೊದಲು ಈ ಕೂಲಿ ಕೊಡಿ. ಕೈ ಎತ್ತಿದ್ದಕ್ಕೆ ನೋಟಿಸ್ ಕೊಟ್ಟು ಅವನ ಮಾತನ್ನೂ ಕೇಳೋಣ’ ಎಂದರು ವಕೀಲರು. ಸಾಹುಕಾರರ ಮುಖ ಕೆಂಪಾಯಿತು. ಆದರೂ ಕೂಲಿ ಸಂದಿತು, ಕೆಲಸ ಉಳಿಯಿತು. ಅದೇ ಮಾತನ್ನು ಸಂಘದ ಮುಖಂಡರು ಆಡಿದ್ದರೆ ಅಂದು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಾಲೀಕರು ವಕೀಲರ ಮಾತು ಕೇಳುವುದು ಬಹುಪಾಲು ಭಯದಿಂದ, ಒಪ್ಪುತ್ತೇನೆ. 1971ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ ಸೇರಿದ 11ಎ ಕಲಂ, ತಪ್ಪಿಗೆ ಮೀರಿದ ಶಿಕ್ಷೆಯನ್ನು ರದ್ದುಮಾಡಿ ಕಾರ್ಮಿಕನನ್ನು ಮತ್ತೆ ಕೆಲಸಕ್ಕೆ ಸೇರಿಸುವ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟಿತು. ಸಿಟ್ಟಿನಲ್ಲಿ ಕೆಲಸದಿಂದ ತೆಗೆದು, ವರ್ಷಗಟ್ಟಲೆ ಕೋರ್ಟಿಗೆ ಅಲೆದು, ಕೊನೆಗೆ ಹಿಂಬಾಕಿ ಸಂಬಳ ಕಟ್ಟಿದವರುಂಟು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ, 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಮವಾಗಿರುವ ಕುಂದುಕೊರತೆ ಸಮಿತಿ ಬೇಕೆನ್ನುತ್ತದೆ. ಅದು ಕಡತದಲ್ಲೇ ಕೊಳೆಯದಂತೆ ಎಚ್ಚರಿಸುವವರು ಮಾಲೀಕರ ಪಕ್ಕದಲ್ಲೇ ಇರಬೇಕು. ಅಲ್ಲಿ ನಿಮ್ಮ ಮಗಳು ಕೂರಲಿ ಎಂಬುದು ನನ್ನ ಆಸೆ.

ಸೇರುವ ಮೊದಲು ಒಂದು ಸಂಜೆ ಅವಳಿಗೆ ಹಾಜರಿ ಪುಸ್ತಕ ಓದುವುದನ್ನು ಹೇಳಿಕೊಡಿ. ಅರ್ಧ ದಿನವನ್ನು ಹೇಗೆ ಬರೆಯುತ್ತಾರೆ, ಮುಂಗಡವನ್ನು ಎಲ್ಲಿ ಮುರಿದುಕೊಳ್ಳುತ್ತಾರೆ, ಹೆಬ್ಬೆಟ್ಟು ಯಾವಾಗ ಒತ್ತಿಸಿಕೊಳ್ಳುತ್ತಾರೆ ಎಂಬುದೆಲ್ಲ ಕಾಲೇಜಿನ ಪುಸ್ತಕದಲ್ಲಿ ಇರುವುದಿಲ್ಲ, ನಿಮಗೆ ಗೊತ್ತು.

- ಸಂಪಾದಕ