ಫೋನ್ ಕಿತ್ತುಕೊಳ್ಳುವ ಮೊದಲು

‘ಮಗಳು ಮೊದಲ ಪಿಯುಸಿ. ರಾತ್ರಿ ಎರಡಾದರೂ ರೀಲ್ಸ್ ನೋಡುತ್ತಾಳೆ. ನೋಡೋದೆಲ್ಲ ಅಳುವ ಹುಡುಗಿಯರನ್ನೇ. ಊಟ ಕಮ್ಮಿ ಆಗಿದೆ. “ನಂಗೆ ಡಿಪ್ರೆಶನ್ ಅಮ್ಮಾ” ಅಂತಾಳೆ. ಇವರು ಫೋನ್ ಒಡೆದು ಹಾಕ್ತೀನಿ ಅಂತ ಕೂಗಾಡುತ್ತಾರೆ. ಏನು ಮಾಡಲಿ?’
– ಹೆಸರು ಬೇಡವೆಂದ ಓದುಗರು, ತಿಪಟೂರು

ಅಮ್ಮಾ, ನಿಮ್ಮ ಪತ್ರದಲ್ಲಿ ಎರಡು ಕಡೆ ಒಂದೇ ಪದ ಬರೆದು ಹೊಡೆದು ಹಾಕಿದ್ದೀರಿ. ಬೆಳಕಿಗೆ ಹಿಡಿದು ಓದಿದೆ: ‘ನಾಟಕ’. ಹೊಡೆದು ಹಾಕಿದ್ದೇ ಒಳ್ಳೆಯದಾಯಿತು. ಆ ಪದ ಅವಳ ಕಿವಿಗೆ ಬಿದ್ದರೆ, ಮತ್ತೆ ನಿಮ್ಮ ಹತ್ತಿರ ಏನೂ ಹೇಳುವುದಿಲ್ಲ.

ಹೋದ ತಿಂಗಳು ತಂಗಿ ಮಗಳು ನನಗೊಂದು ಆಟ ತೋರಿಸಿದಳು. ಹೊಸ ಖಾತೆ ತೆರೆದಳು. ‘ಮಾಮಾ, ಲೈಕ್ ಒತ್ತಬೇಡ, ಸುಮ್ನೆ ನೋಡು’ ಎಂದಳು. ದುಃಖದ ವಿಡಿಯೊ ಬಂದಾಗ ಬೆರಳು ನಿಲ್ಲಿಸಿದೆವು. ಅಡುಗೆ, ಕ್ರಿಕೆಟ್ ಬಂದಾಗ ತಳ್ಳಿದೆವು. ಕಾಫಿ ಆರುವುದರೊಳಗೆ ಅಡುಗೆಯೂ ಇಲ್ಲ, ಕ್ರಿಕೆಟ್ಟೂ ಇಲ್ಲ. ಸಾಲಾಗಿ ಅಳುವ ಮುಖಗಳು! ಎಷ್ಟು ಹೊತ್ತು ನಿಂತು ನೋಡಿದಿರಿ ಅನ್ನೋದು ಆ ಯಂತ್ರಕ್ಕೆ ದೊಡ್ಡ ಲೆಕ್ಕ. ಬೇಜಾರಾಗಿ ನಿಂತಿರೋ, ಖುಷಿಯಾಗಿ ನಿಂತಿರೋ, ಅದಕ್ಕೇನು ಗೊತ್ತು?

ಲಂಡನ್ನಿನ ಮಾಲಿ ರಸೆಲ್ ಎಂಬ ಹುಡುಗಿ 2017ರ ನವೆಂಬರ್‌ನಲ್ಲಿ ಜೀವ ಕಳೆದುಕೊಂಡಾಗ ಅವಳಿಗೆ 14 ವರ್ಷ. ಕೊನೆಯ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಂನಲ್ಲಿ ಸೇವ್, ಲೈಕ್, ಶೇರ್ ಮಾಡಿದ್ದು ಸುಮಾರು 16,300 ಪೋಸ್ಟ್. ಅದರಲ್ಲಿ 2,100 ಖಿನ್ನತೆ, ಆತ್ಮಹತ್ಯೆಯಂಥ ವಿಷಯದವು. ಇವೆಲ್ಲ ಅವಳ ಸಾವಿನ ವಿಚಾರಣೆಯಲ್ಲಿ ಹೊರಬಂದವು. ಖಿನ್ನತೆಯ ಚಿತ್ರಗಳು ನಿನಗೆ ಇಷ್ಟವಾಗಬಹುದು ಎಂದು ಚಿತ್ರ ಹಂಚಿಕೊಳ್ಳುವ ಆ್ಯಪ್ ಪಿಂಟರೆಸ್ಟ್ ಅವಳಿಗೆ ಇಮೇಲ್ ಬೇರೆ ಕಳಿಸಿತ್ತು. ಆನ್‌ಲೈನ್‌ನಲ್ಲಿ ನೋಡಿದ್ದೂ ಈ ಸಾವಿಗೆ ಒಂದು ಕಾರಣ ಎಂದು 2022ರಲ್ಲಿ ಅಲ್ಲಿನ ಕೊರೋನರ್, ಅಂದರೆ ಸಾವಿನ ಕಾರಣ ವಿಚಾರಿಸುವ ಅಧಿಕಾರಿ, ಬರೆದರು.

ಹೆದರಿಸಲು ಹೇಳುತ್ತಿಲ್ಲ. ನನ್ನ ಗಮನ ಹೋದದ್ದು ಉಳಿದ 14 ಸಾವಿರ ಬೇರೆ ಪೋಸ್ಟ್‌ಗಳ ಮೇಲೆ. ಹೆಗಲ ಮೇಲಿಂದ ಹತ್ತು ನಿಮಿಷ ಇಣುಕಿದರೆ ಮನೆಯವರಿಗೆ ಕಾಣುವುದು ಬಹುಪಾಲು ಅಂಥವೇ, ಅಲ್ವಾ? ಇಣುಕಿ ನೋಡಿ ಗೊತ್ತಾಗುವುದಿಲ್ಲ. ಅವಳೇ ತೋರಿಸಬೇಕು.

ಹಾಗಾಗಿ ಒಂದು ಸಂಜೆ ಪಕ್ಕದಲ್ಲಿ ಕೂತು ‘ನಿನಗೇನು ಬರುತ್ತೆ, ನನಗೂ ತೋರಿಸು’ ಅನ್ನಿ. ಬೈಯಬೇಡಿ, ಬುದ್ಧಿ ಹೇಳಬೇಡಿ. ಬೇಡದ್ದು ಬಂದರೆ ‘ನಾಟ್ ಇಂಟರೆಸ್ಟೆಡ್’ ಒತ್ತಲಿ, ನಿಧಾನಕ್ಕೆ ಕಮ್ಮಿಯಾಗಬಹುದು. ಆಮೇಲೆ ನೇರವಾಗಿ ಕೇಳಿ: ‘ಬದುಕೋದೇ ಬೇಡ ಅನ್ನಿಸುತ್ತಾ ಮಗಾ?’ ಕೇಳಿದರೆ ಎಲ್ಲಿ ಆ ಯೋಚನೆ ನಾವೇ ತಲೆಗೆ ಹಾಕಿದ ಹಾಗಾಗುತ್ತೋ ಅನ್ನೋ ಭಯ ನಮಗೆಲ್ಲ ಇದೆ. ಹಾಗೇನೂ ಆಗುವುದಿಲ್ಲ. ಎಷ್ಟೋ ಮಕ್ಕಳಿಗೆ ಅದರಿಂದ ಎದೆ ಹಗುರಾಗುತ್ತದೆ. ಹೌದು ಎಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇಲ್ಲ ಎಂದರೂ ಊಟ ನಿದ್ದೆ ಕೆಟ್ಟಿರುವುದು ನಿಜ ತಾನೇ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಚಟಕ್ಕೆಂದೇ ‘ಶಟ್’ ಕ್ಲಿನಿಕ್ 2014ರಿಂದ ಇದೆ. ಡಿಪ್ರೆಶನ್ನೋ ಅಲ್ಲವೋ ಅವರು ಹೇಳಲಿ. ನೀವೂ ಬೇಡ, ರೀಲ್ಸೂ ಬೇಡ, ನಾನಂತೂ ಮೊದಲೇ ಬೇಡ.

ಇನ್ನು ಯಜಮಾನರ ವಿಷಯ. ಅವರ ಸಿಟ್ಟಿನ ಹಿಂದೆ ಇರುವುದು ಹೆದರಿಕೆ, ನನಗೆ ಅರ್ಥವಾಗುತ್ತದೆ. ಆದರೆ ಅವಳ ಗೆಳತಿಯರೂ ಅದೇ ಫೋನಿನೊಳಗಿದ್ದಾರೆ. ಒಡೆದರೆ ಅವರೂ ಹೋದರು. ಅದರ ಬದಲು ರಾತ್ರಿ ಹತ್ತಕ್ಕೆ ಮನೆಯ ಫೋನೆಲ್ಲ ಹಾಲ್‌ನಲ್ಲಿ ಟಿವಿ ಪಕ್ಕ ಚಾರ್ಜಿಗೆ ಹಾಕಿ. ಮೊದಲು ತಂದಿಡುವುದು ಅವರದ್ದಾಗಿರಲಿ. ರಾತ್ರಿ ಹನ್ನೊಂದಕ್ಕೆ ಅವರು ಯೂಟ್ಯೂಬ್‌ನಲ್ಲಿ ರಾಜಕೀಯ ನೋಡುತ್ತಾರೆಂದು ನೀವೇ ಬರೆದಿದ್ದೀರಿ!

– ಸಂಪಾದಕ