‘ಐಯೋನಿಯೊಸ್’ ಎಂದರೆ ಕೊನೆಯಿಲ್ಲದ್ದೇ?

ಪ್ರಶ್ನೆ: ಮತ್ತಾಯನ ಸುವಾರ್ತೆ 25:46ರಲ್ಲಿ ‘ನಿತ್ಯದಂಡನೆ’, ‘ನಿತ್ಯಜೀವ’ ಎಂಬ ಮಾತುಗಳಿವೆ. ಮೂಲದ ಗ್ರೀಕ್ ಪದಕ್ಕೆ ‘ಒಂದು ಯುಗದ’ ಎಂದಷ್ಟೇ ಅರ್ಥ, ಆದ್ದರಿಂದ ದಂಡನೆಗೆ ಕೊನೆಯುಂಟು ಎಂದು ನಮ್ಮ ಬೈಬಲ್ ಅಧ್ಯಯನ ಕೂಟದಲ್ಲಿ ಹಿರಿಯರೊಬ್ಬರು ವಾದಿಸಿದರು. ಇದು ಸರಿಯೇ?

ಉತ್ತರ: ಆ ಹಿರಿಯರ ಮಾತಿನಲ್ಲಿ ಅರ್ಧ ನಿಜವಿದೆ. ಆ ಪದ ‘ಐಯೋನಿಯೊಸ್’. ‘ಐಯೋನ್’ ಎಂಬ ನಾಮಪದದಿಂದ ಹುಟ್ಟಿದ ವಿಶೇಷಣ. ಹೋಮರನ ಕಾವ್ಯಗಳಲ್ಲಿ ಐಯೋನ್ ಎಂದರೆ ಆಯುಸ್ಸು, ಪ್ರಾಣ. ಸಂಸ್ಕೃತದಿಂದ ನಮಗೆ ಬಂದ ‘ಆಯುಸ್ಸು’ ಕೂಡ ಅದೇ ಮೂಲದ ಪದವೆಂಬುದು ಗಮನಾರ್ಹ. ಮುಂದೆ ಅದು ‘ಯುಗ’, ‘ಬಹುದೀರ್ಘ ಕಾಲ’ ಎಂಬ ಅರ್ಥಗಳಿಗೆ ಹಿಗ್ಗಿತು. ಹೀಬ್ರೂ ಧರ್ಮಗ್ರಂಥವನ್ನು ಗ್ರೀಕಿಗೆ ತಂದವರು ‘ಓಲಾಮ್’ (ಬಹುಕಾಲ, ಎಂದೆಂದಿಗೂ) ಎಂಬ ಪದಕ್ಕೆ ಸಾಮಾನ್ಯವಾಗಿ ಇದೇ ಪದಗಳನ್ನು ಬಳಸಿದರು. ಯೋನನು ಮೀನಿನ ಹೊಟ್ಟೆಯಲ್ಲಿ ಪ್ರಾರ್ಥಿಸುವಾಗ ತನ್ನನ್ನು ಮುಚ್ಚಿದ ಭೂಮಿಯ ಅಗುಳಿಗಳನ್ನು ಆ ಗ್ರೀಕ್ ಅನುವಾದ ‘ಐಯೋನಿಯೊಸ್’ ಎಂದೇ ಕರೆಯುತ್ತದೆ. ಆದರೆ ಅವನು ಅಲ್ಲಿದ್ದದ್ದು ಮೂರು ದಿನ.

ಇದಕ್ಕಿಂತ ಸ್ಪಷ್ಟವಾದ ನಿದರ್ಶನ ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿದೆ (16:25-26). ‘ಐಯೋನಿಯೊಸ್’ ಕಾಲಗಳಲ್ಲಿ ಗುಪ್ತವಾಗಿದ್ದ ಮರ್ಮವು ಈಗ ‘ಐಯೋನಿಯೊಸ್’ ದೇವರ ಅಪ್ಪಣೆಯಂತೆ ಪ್ರಕಟವಾಗಿದೆ ಎಂದು ಅಲ್ಲಿ ಹೇಳಿದೆ. ಒಂದೇ ವಾಕ್ಯದಲ್ಲಿ ಒಮ್ಮೆ ಮುಗಿದುಹೋದ ಕಾಲಕ್ಕೆ, ಇನ್ನೊಮ್ಮೆ ಮುಗಿವಿಲ್ಲದ ದೇವರಿಗೆ! ಕನ್ನಡದ ‘ನಿತ್ಯ’ವೂ ಹೀಗೆಯೇ ಅಲ್ಲವೇ? ‘ನಿತ್ಯಪೂಜೆ’ ಎಂದರೆ ಪ್ರತಿದಿನದ ಪೂಜೆ. ‘ನಿತ್ಯಸತ್ಯ’ ಎಂದರೆ ಎಂದೂ ಅಳಿಯದ ಸತ್ಯ.

ಹಾಗೆಂದು ‘ಒಂದು ಯುಗದ’ ಎಂದಷ್ಟೇ ಅರ್ಥವೆನ್ನುವುದು ಒಪ್ಪತಕ್ಕದ್ದಲ್ಲ. 2 ಕೊರಿಂಥ 4:18ರಲ್ಲಿ ಪೌಲನು ಕಾಣುವವುಗಳನ್ನು ತಾತ್ಕಾಲಿಕವೆಂದು, ಕಾಣದವುಗಳನ್ನು ‘ಐಯೋನಿಯೊಸ್’ ಎಂದು ಎದುರುಬದುರಾಗಿ ನಿಲ್ಲಿಸುತ್ತಾನೆ. ಅಲ್ಲಿ ‘ಯುಗದ’ ಎಂದರೆ ಮಾತೇ ಕೆಡುತ್ತದೆ.

ನಿಮ್ಮ ವಚನದಲ್ಲಿ ದಂಡನೆಗೂ ಜೀವಕ್ಕೂ ಅದೇ ವಿಶೇಷಣ ಬಂದಿರುವುದರಿಂದ ಒಂದಕ್ಕೆ ಕೊನೆಯಿಟ್ಟರೆ ಇನ್ನೊಂದಕ್ಕೂ ಇಡಬೇಕಾಗುತ್ತದೆಂದು ಕ್ರೈಸ್ತ ಧರ್ಮಶಾಸ್ತ್ರಜ್ಞ ಅಗಸ್ಟೀನನು 5ನೆಯ ಶತಮಾನದಲ್ಲಿ ವಾದಿಸಿದನು. ಈ ವಾದ ಬಲವಾದದ್ದೇ. ಆದರೂ ರೋಮಾಪುರದ ಪತ್ರದ ಆ ವಾಕ್ಯವನ್ನು ಕಂಡ ಮೇಲೆ ಅದನ್ನು ಕೊನೆಯ ಮಾತೆನ್ನಲು ನಾನು ಹಿಂಜರಿಯುತ್ತೇನೆ. ಮಾರ್ಕ 10:30ರಲ್ಲಿ ನಿತ್ಯಜೀವವು ‘ಬರುವ ಐಯೋನ್’ನಲ್ಲಿ ದೊರೆಯುವಂಥದ್ದು, ಆದ್ದರಿಂದ ಮತ್ತಾಯನಲ್ಲಿಯೂ ಈ ವಿಶೇಷಣವು ಮೊದಲು ‘ಬರುವ ಯುಗಕ್ಕೆ ಸೇರಿದ’ ಎಂಬುದನ್ನು ಸೂಚಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಯುಗದ ಜೀವಕ್ಕೆ ಅಳಿವಿಲ್ಲವೆಂಬ ಭರವಸೆ ಈ ಒಂದು ಪದವನ್ನೇ ನೆಚ್ಚಿಕೊಂಡಿಲ್ಲ. 1 ಕೊರಿಂಥ 15ರಲ್ಲಿ ಪೌಲನು ಅದಕ್ಕೆ ‘ನಿರ್ಲಯತ್ವ’, ‘ಅಮರತ್ವ’ ಎಂಬ ಬೇರೆಯೇ ಪದಗಳನ್ನು ಬಳಸಿದ್ದಾನೆ.